ಬ್ರಿಟನ್ನಿನಲ್ಲಿ ಮೊಬೈಲ್: ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವುದೋ, ಪೂರ್ತಿ ಹಣ ಕೊಟ್ಟು ಕೊಳ್ಳುವುದೋ?

ಓದಲೆಂದೋ ಕೆಲಸಕ್ಕೆಂದೋ ಕರ್ನಾಟಕದಿಂದ ಬ್ರಿಟನ್ನಿಗೆ ಬರುವವರು ಮೊದಲ ಕೆಲವು ವಾರಗಳಲ್ಲೇ ತೆಗೆದುಕೊಳ್ಳಬೇಕಾದ ಹಣಕಾಸಿನ ನಿರ್ಧಾರಗಳಲ್ಲಿ ಮೊಬೈಲ್ ಫೋನೂ ಒಂದು. ಊರಿನಲ್ಲಿ ಫೋನನ್ನು ಒಂದು ಕಡೆ ಕೊಂಡು ಸಿಮ್‌ಗೆ ಬೇರೆಯಾಗಿ ರೀಚಾರ್ಜ್ ಮಾಡಿಸುವುದೇ ನಮ್ಮ ರೂಢಿ. ಕಂತಿನಲ್ಲಿ ಕೊಂಡರೂ ಆ ಇಎಂಐ ಬ್ಯಾಂಕಿಗೆ ಅಥವಾ ಫೈನಾನ್ಸ್ ಕಂಪನಿಗೆ ಹೋಗುತ್ತದೆಯೇ ಹೊರತು ಸಿಮ್ ಕೊಟ್ಟ ಕಂಪನಿಗಲ್ಲ. ಇಲ್ಲಿ ಹಾಗಲ್ಲ, ಫೋನು, ಕರೆ, ಡೇಟಾ ಎಲ್ಲವನ್ನೂ ಒಂದೇ ಮಾಸಿಕ ಮೊತ್ತದಲ್ಲಿ ಕಟ್ಟಿಕೊಡುವ ಎರಡು ವರ್ಷದ ಒಪ್ಪಂದಗಳು ಪ್ರತಿ ಊರಿನ ಪೇಟೆಬೀದಿಯಲ್ಲೂ ಮಾರಾಟಕ್ಕಿರುತ್ತವೆ. ಆ ಮಾಸಿಕ ಮೊತ್ತ ಕೈಗೆಟುಕುವಂತೆ ಕಾಣುತ್ತದೆ ಎನ್ನುವುದು ಸಹಿ ಹಾಕಲು ಸಾಕಷ್ಟು ಕಾರಣವಲ್ಲ.

ಮೊದಲು ಬಿಲ್ಲನ್ನು ಎರಡು ಭಾಗ ಮಾಡಿ ನೋಡಿ

ಕಾಂಟ್ರ್ಯಾಕ್ಟ್ ಒಂದೇ ವ್ಯವಹಾರದಂತೆ ಕಂಡರೂ ಅದರೊಳಗೆ ಎರಡಿವೆ: ಫೋನಿನ ಬೆಲೆಯನ್ನು ತಿಂಗಳು ತಿಂಗಳು ತೀರಿಸುವ ಸಾಲ ಒಂದು, ಕರೆ ಮತ್ತು ಡೇಟಾ ಸೇವೆಗೆ ಕೊಡುವ ಶುಲ್ಕ ಇನ್ನೊಂದು. ಕೆಲವು ಕಂಪನಿಗಳು ಇವೆರಡನ್ನು ಬಿಲ್ಲಿನಲ್ಲೇ ಬೇರೆ ಬೇರೆಯಾಗಿ ತೋರಿಸುತ್ತವೆ; ಒ2 ಎಂಬ ಮೊಬೈಲ್ ಕಂಪನಿ ಈ ಪದ್ಧತಿಗೆ ಹೆಸರಾದದ್ದು. ಹಾಗಿದ್ದಲ್ಲಿ ಫೋನಿನ ಭಾಗ ಕಾನೂನಿನ ದೃಷ್ಟಿಯಲ್ಲೂ ಸಾಲದ ಒಪ್ಪಂದವೇ ಆಗಿರುವುದರಿಂದ ಅದನ್ನು ಅವಧಿಗೆ ಮುನ್ನ ತೀರಿಸಿಬಿಡುವ ಹಕ್ಕು ನಿಮಗಿರುತ್ತದೆ. ಬೇರ್ಪಡಿಸದ ಒಪ್ಪಂದಗಳಲ್ಲಿ ಎಷ್ಟು ಹಣ ಯಾವುದಕ್ಕೆ ಹೋಗುತ್ತಿದೆ ಎಂಬುದನ್ನು ನೀವೇ ಲೆಕ್ಕ ಹಾಕಿ ತಿಳಿಯಬೇಕು. ಸೇವೆಯ ಒಪ್ಪಂದ 24 ತಿಂಗಳಿಗಿಂತ ಹೆಚ್ಚು ಕಾಲ ಗ್ರಾಹಕರನ್ನು ಕಟ್ಟಿಹಾಕುವಂತಿಲ್ಲ ಎಂಬುದು ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ನಿಯಮ. ಆದರೆ ಬೇರ್ಪಡಿಸಿದ ಫೋನಿನ ಸಾಲ 36 ತಿಂಗಳವರೆಗೂ ಎಳೆಯಬಹುದು.

ಲೆಕ್ಕವನ್ನು ಹೀಗೆ ಮಾಡಿ. ತಯಾರಕರ ಅಂಗಡಿಯಲ್ಲಿ ಒಂದು ಫೋನಿನ ಬೆಲೆ 600 ಪೌಂಡ್ ಎಂದೂ, ನಿಮಗೆ ಸಾಕಾಗುವಷ್ಟು ಡೇಟಾ ಇರುವ ಬರೀ ಸಿಮ್ ಪ್ಲಾನ್ ತಿಂಗಳಿಗೆ 10 ಪೌಂಡ್‌ಗೆ ಸಿಗುತ್ತದೆಂದೂ ಇಟ್ಟುಕೊಳ್ಳೋಣ. ಎರಡು ವರ್ಷಕ್ಕೆ ಒಟ್ಟು 840 ಪೌಂಡ್. ಅದೇ ಫೋನು ಕಾಂಟ್ರ್ಯಾಕ್ಟ್‌ನಲ್ಲಿ ಮುಂಗಡ 30 ಪೌಂಡ್, ತಿಂಗಳಿಗೆ 38 ಪೌಂಡ್ ಎಂದಿದ್ದರೆ 942 ಪೌಂಡ್ ಆಗುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಹೆಚ್ಚಿನ ಒಪ್ಪಂದಗಳಲ್ಲಿ ವರ್ಷಕ್ಕೊಮ್ಮೆ ದರ ಏರುವ ಷರತ್ತು ಇರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಎರಡೂವರೆ ಪೌಂಡ್ ಏರಿಕೆ ಎಂದು ಬರೆದಿದ್ದು ನೀವು ಅಕ್ಟೋಬರ್‌ನಲ್ಲಿ ಸಹಿ ಹಾಕಿದರೆ, ಮೊದಲ ಆರು ತಿಂಗಳು 38, ನಂತರದ ಹನ್ನೆರಡು ತಿಂಗಳು 40.50, ಕೊನೆಯ ಆರು ತಿಂಗಳು 43 ಪೌಂಡ್ ಕಟ್ಟುತ್ತೀರಿ. ಮುಂಗಡ ಸೇರಿಸಿದರೆ ಒಟ್ಟು 1,002 ಪೌಂಡ್. ಇದರಿಂದ ಸಿಮ್‌ನ ಪಾಲಾದ 240 ಪೌಂಡ್ ಕಳೆದರೆ, 600 ಪೌಂಡ್ ಫೋನಿಗೆ ನೀವು ಕೊಟ್ಟದ್ದು 762 ಪೌಂಡ್. ಆ 162 ಪೌಂಡ್ ಬಡ್ಡಿಯೇ. ಬಿಲ್ಲಿನ ಮೇಲೆ ಆ ಹೆಸರು ಕಾಣುವುದಿಲ್ಲ, ಅಷ್ಟೆ.

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಮುಂದಿರುವ ನಿಜವಾದ ದರಗಳನ್ನು ಇದೇ ಕ್ರಮದಲ್ಲಿ ಇಟ್ಟು ನೋಡಬೇಕು. ಉತ್ತರ ಯಾವಾಗಲೂ ಒಂದೇ ಬದಿಗೆ ವಾಲುವುದಿಲ್ಲ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಬಿಡಿ ಬೆಲೆಗಿಂತ ಕಡಿಮೆಗೆ ಕೂರುವ ಕಾಂಟ್ರ್ಯಾಕ್ಟ್‌ಗಳೂ ಸಿಗುವುದುಂಟು, ಬಡ್ಡಿಯಿಲ್ಲದ ಫೋನ್ ಸಾಲಗಳೂ ಉಂಟು. ಬಡ್ಡಿ ಸೊನ್ನೆ ಎಂದಾಗ ಒಂದು ವಿಷಯವನ್ನು ಮಾತ್ರ ಪರೀಕ್ಷಿಸಿ: ಆ ಕಂಪನಿ ಫೋನಿಗೆ ಹಾಕಿರುವ ಒಟ್ಟು ಬೆಲೆ ಬೇರೆ ಅಂಗಡಿಯ ನಗದು ಬೆಲೆಗೆ ಸಮನಾಗಿದೆಯೇ, ಜೊತೆಗೆ ಕಡ್ಡಾಯವಾಗಿ ಕೊಳ್ಳಬೇಕಾದ ಸಿಮ್ ಪ್ಲಾನ್ ಹೊರಗಿನದಕ್ಕಿಂತ ದುಬಾರಿಯೇ? ಬಡ್ಡಿ ಹೆಚ್ಚಾಗಿ ಅಡಗಿರುವುದು ಇವೆರಡರಲ್ಲೇ.

ದರ ಏರಿಕೆಯ ಬಗ್ಗೆ ಇನ್ನಷ್ಟು ಹೇಳಬೇಕು. ಮೊದಲು ಒಪ್ಪಂದಗಳಲ್ಲಿ ‘ಹಣದುಬ್ಬರದ ದರ ಮತ್ತು ಅದರ ಮೇಲೆ ಶೇ. 3.9’ ಎಂಬಂಥ ಸೂತ್ರವಿರುತ್ತಿತ್ತು. ಹಣದುಬ್ಬರ ಕಡಿಮೆ ಇದ್ದಾಗ ಯಾರೂ ಅದನ್ನು ಗಮನಿಸಲಿಲ್ಲ. 2023ರ ವಸಂತದಲ್ಲಿ ಅದೇ ಸೂತ್ರದ ಪ್ರಕಾರ ಹಲವರ ಬಿಲ್ ಒಮ್ಮೆಲೇ ಶೇ. 14.4ರಷ್ಟು, ಒ2 ಗ್ರಾಹಕರ ಸೇವಾಶುಲ್ಕ ಶೇ. 17.3ರಷ್ಟು ಏರಿತು. ಮುಂದಿನ ವರ್ಷ ಎಷ್ಟು ಕಟ್ಟಬೇಕೆಂಬುದೇ ಗೊತ್ತಿಲ್ಲದೆ ಜನರಿಂದ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲವೆಂದು ಆಫ್‌ಕಾಮ್ ಆ ಪದ್ಧತಿಯನ್ನು ನಿಷೇಧಿಸಿತು. 2025ರ ಜನವರಿ 17ರಿಂದ ಮಾಡಿಕೊಂಡ ಒಪ್ಪಂದಗಳಲ್ಲಿ ಏರಿಕೆ ಎಷ್ಟು ಪೌಂಡ್ ಎಷ್ಟು ಪೆನ್ಸ್, ಯಾವ ತಿಂಗಳಿನಿಂದ ಎಂಬುದನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿರಬೇಕು. ಏರಿಕೆ ನಿಂತಿಲ್ಲ, ಎಣಿಸಲು ಬರುವಂತಾಗಿದೆ. ಹಾಗಾಗಿ ಸಹಿಗೆ ಮುನ್ನ ಕೊಡುವ ಒಪ್ಪಂದದ ಸಾರಾಂಶಪತ್ರದಲ್ಲಿ ಆ ಸಾಲನ್ನು ಹುಡುಕಿ ಓದಿ.

ಹೊಸದಾಗಿ ಬಂದವರ ತೊಡಕು

ಕಾಂಟ್ರ್ಯಾಕ್ಟ್ ಸಾಲವಾದ್ದರಿಂದ ಕಂಪನಿ ನಿಮ್ಮ ಸಾಲದ ಇತಿಹಾಸವನ್ನು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಅಥವಾ ಟ್ರಾನ್ಸ್‌ಯೂನಿಯನ್ ಸಂಸ್ಥೆಗಳಲ್ಲಿ ಪರಿಶೀಲಿಸುತ್ತದೆ. ಭಾರತದಲ್ಲಿ ನಿಮ್ಮ ಸಿಬಿಲ್ ಅಂಕ ಎಷ್ಟೇ ಚೆನ್ನಾಗಿದ್ದರೂ ಈ ಪರಿಶೀಲನೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹೊಸಬರ ಕಡತ ಇಲ್ಲಿ ಖಾಲಿ. ಬಂದ ತಿಂಗಳಲ್ಲೇ ನಾಲ್ಕು ಅಂಗಡಿಗಳಲ್ಲಿ ಅರ್ಜಿ ಹಾಕಿ ನಾಲ್ಕರಲ್ಲೂ ತಿರಸ್ಕೃತರಾಗುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಪ್ರತಿ ಅರ್ಜಿಯ ಗುರುತೂ ಆ ಖಾಲಿ ಕಡತದಲ್ಲಿ ಉಳಿಯುತ್ತದೆ. ಅದಕ್ಕೆ ಬದಲಾಗಿ ಬ್ಯಾಂಕ್ ಖಾತೆ ತೆರೆದು, ವಿಳಾಸ ಸ್ಥಿರವಾದ ಮೇಲೆ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ. ಇದು ಹಲವರಿಗೆ ಗೊತ್ತಿರುವುದಿಲ್ಲ: ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ವಾಸದ ಅನುಮತಿಯಿದ್ದು ಇಲ್ಲಿ ನೆಲೆಸಿರುವವರು ವಿದ್ಯಾರ್ಥಿಗಳಾಗಿದ್ದರೂ ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕಬಹುದು, ಮತ್ತು ಆ ನೋಂದಣಿ ಸಾಲದ ಕಡತದಲ್ಲಿ ವಿಳಾಸಕ್ಕೆ ಪುರಾವೆಯಾಗಿ ನಿಲ್ಲುತ್ತದೆ.

ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಬಂದವರು 24 ತಿಂಗಳ ಒಪ್ಪಂದಕ್ಕೆ ಸಹಿ ಹಾಕುವುದನ್ನು ನಾನು ಯಾವ ಸಂದರ್ಭದಲ್ಲೂ ಸಲಹೆ ಮಾಡಲಾರೆ. ಓದು ಮುಗಿದು ಊರಿಗೆ ಮರಳಬೇಕಾಗಿ ಬಂದರೆ ಉಳಿದ ತಿಂಗಳುಗಳ ಹಣವನ್ನು ಬಹುಪಾಲು ಒಟ್ಟಿಗೆ ಕಟ್ಟಿಯೇ ಹೊರಬರಬೇಕಾಗುತ್ತದೆ. ಬ್ಯಾಂಕ್ ಖಾತೆ ಮುಚ್ಚಿ ಸುಮ್ಮನೆ ಹೊರಟುಬಿಟ್ಟವರ ಬಾಕಿ ‘ಡಿಫಾಲ್ಟ್’ ಎಂದು ದಾಖಲಾಗಿ ಆರು ವರ್ಷ ಉಳಿಯುತ್ತದೆ. ಮೂರು ವರ್ಷದ ನಂತರ ಕೆಲಸದ ವೀಸಾ ಮೇಲೆ ಮರಳಿ ಬಂದು ಮನೆಸಾಲ ಕೇಳಿದಾಗ ಆ ಹಳೆಯ ಫೋನೇ ಅಡ್ಡ ಬರಬಹುದು.

ಹಾಗಾದರೆ ಕಾಂಟ್ರ್ಯಾಕ್ಟ್ ಯಾರಿಗೆ ಸರಿ? ಇಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇರುವುದು ಖಚಿತವಾಗಿರುವವರಿಗೆ, ಸಂಬಳ ನಿಯಮಿತವಾಗಿ ಬರುವವರಿಗೆ, ಒಮ್ಮೆಗೇ ಆರುನೂರು ಪೌಂಡ್ ಹೊರಗೆ ಹಾಕಿದರೆ ಬಾಡಿಗೆಯ ಠೇವಣಿಗೆ ತೊಂದರೆಯಾಗುವವರಿಗೆ, ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ ಸಣ್ಣದಾಗಿ ಬಂದಿದ್ದರೆ ಅದು ಒಪ್ಪತಕ್ಕ ಆಯ್ಕೆಯೇ. ತಪ್ಪದೆ ಕಂತು ಕಟ್ಟಿದರೆ ಸಾಲದ ಕಡತವೂ ತುಂಬುತ್ತದೆ. ಆದರೆ ಕಡತ ತುಂಬಿಸುವುದಕ್ಕೆಂದೇ ದುಬಾರಿ ಫೋನು ಕೊಳ್ಳಬೇಕಾಗಿಲ್ಲ. ವರ್ಷದ ಬರೀ ಸಿಮ್ ಒಪ್ಪಂದವೋ, ತಿಂಗಳಿಗೊಮ್ಮೆ ಪೂರ್ತಿ ತೀರಿಸುವ ಸಣ್ಣ ಮಿತಿಯ ಕ್ರೆಡಿಟ್ ಕಾರ್ಡೋ ಅದೇ ಕೆಲಸ ಮಾಡುತ್ತದೆ.

ಪೂರ್ತಿ ಹಣ ಕೊಟ್ಟು ಕೊಳ್ಳುವಾಗ

ಬಿಡಿಯಾಗಿ ಕೊಂಡವರಿಗೆ ಸಿಮ್ ಆಯ್ಕೆಯ ಸ್ವಾತಂತ್ರ್ಯ ದೊಡ್ಡದು. ದೊಡ್ಡ ಕಂಪನಿಗಳ ಜಾಲವನ್ನೇ ಬಳಸುವ ಬೇರೆ ಸಿಮ್‌ಗಳಿವೆ: ಗಿಫ್‌ಗ್ಯಾಫ್ ಒ2 ಜಾಲದ ಮೇಲೆ, ವಾಕ್ಸಿ ಮತ್ತು ಲೆಬಾರಾ ವೊಡಾಫೋನ್ ಜಾಲದ ಮೇಲೆ, ಸ್ಮಾರ್ಟಿ ತ್ರೀ ಜಾಲದ ಮೇಲೆ ನಡೆಯುತ್ತವೆ. ಇವುಗಳ ತಿಂಗಳ ಪ್ಲಾನ್‌ಗಳು ಸಾಮಾನ್ಯವಾಗಿ ದೊಡ್ಡ ಕಂಪನಿಗಳವಕ್ಕಿಂತ ಅಗ್ಗ, ಮತ್ತು ಬೇಡವೆಂದಾಗ ಬಿಡಬಹುದಾದವು. ಬಾಡಿಗೆ ಮನೆಯೊಳಗೆ ಯಾವ ಜಾಲದ ಸಂಕೇತ ಚೆನ್ನಾಗಿ ಸಿಗುತ್ತದೆಂಬುದು ಇದ್ದು ನೋಡಿದ ಮೇಲಷ್ಟೇ ಗೊತ್ತಾಗುವ ವಿಷಯವಾದ್ದರಿಂದ ಮೊದಲ ತಿಂಗಳುಗಳಿಗೆ ಈ ಸೌಕರ್ಯ ಹಣಕ್ಕಿಂತ ಹೆಚ್ಚಿನದು.

ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ಖರೀದಿ ರದ್ದು ಮಾಡುವ ಹಕ್ಕಿದೆ. ಎಲ್ಲಿ ಕೊಂಡರೂ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದೋಷವಿರುವ ಫೋನನ್ನು 30 ದಿನದೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷ ಮೊದಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ಸಾಧಿಸುವ ಹೊಣೆ ಅಂಗಡಿಯದು. ಈ ಹಕ್ಕುಗಳು ವ್ಯಾಪಾರಿಯಿಂದ ಕೊಂಡ ಬಳಸಿದ ಫೋನಿಗೂ ಅನ್ವಯಿಸುತ್ತವೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಪರಿಚಿತರೊಬ್ಬರಿಂದ ಕೊಂಡದ್ದಕ್ಕೆ ಅಲ್ಲ. ಕ್ರೆಡಿಟ್ ಕಾರ್ಡ್ ಇದ್ದರೆ ಅದರಲ್ಲೇ ಪಾವತಿ ಮಾಡಿ: 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿ 100 ಪೌಂಡ್ ಮೀರಿದ ಖರೀದಿಗಳಲ್ಲಿ ಮಾರಿದವರ ಜೊತೆಗೆ ಕಾರ್ಡ್ ಕೊಟ್ಟ ಬ್ಯಾಂಕನ್ನೂ ಹೊಣೆಯಾಗಿಸುತ್ತದೆ.

ಬೆಲೆ ಇಳಿಸಲು ಸುಲಭದ ದಾರಿಯೆಂದರೆ ಕಳೆದ ವರ್ಷದ ಮಾದರಿಯನ್ನೋ, ಸಿಇಎಕ್ಸ್‌ನಂಥ ಅಂಗಡಿಯಿಂದ ಪರೀಕ್ಷಿಸಿದ ಬಳಸಿದ ಫೋನನ್ನೋ ಕೊಳ್ಳುವುದು. ಹಾಗೆ ಕೊಳ್ಳುವಾಗ ಭದ್ರತಾ ಅಪ್‌ಡೇಟ್ ಇನ್ನೆಷ್ಟು ಕಾಲ ಬರುತ್ತದೆಂದು ನೋಡಿ. 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ ತಯಾರಕರು ಈ ಕನಿಷ್ಠ ಅವಧಿಯನ್ನು ಪ್ರಕಟಿಸಲೇಬೇಕು. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಎಸ್24 ಸರಣಿಗೆ ಏಳು ವರ್ಷದ ಭರವಸೆಯಿದೆ. ಅಂಥ ಫೋನನ್ನು ಎರಡು ವರ್ಷ ಹಳೆಯದಾಗಿ ಕೊಂಡರೂ ಚಿಂತೆಯಿಲ್ಲ.

ಊರಿನಿಂದಲೇ ಫೋನ್ ತರುವ ಯೋಚನೆಯಿದ್ದರೆ

ಕೈಯಲ್ಲಿರುವ ಫೋನು ಚೆನ್ನಾಗಿದ್ದರೆ ಅದನ್ನೇ ತಂದು ಬರೀ ಸಿಮ್ ಹಾಕಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಒಂದು ತೊಡಕಿದೆ. ಇಲ್ಲಿನ ಕಂಪನಿಗಳು 3ಜಿ ಜಾಲಗಳನ್ನು ಮುಚ್ಚಿಕೊಂಡು ಬಂದಿರುವುದರಿಂದ ಕರೆಗಳೂ 4ಜಿ ಮೇಲೆಯೇ, ಅಂದರೆ ವೋಲ್ಟೆಯಲ್ಲಿ, ಹೋಗಬೇಕು. ಭಾರತದಲ್ಲಿ ಮಾರಾಟವಾದ ಕೆಲವು ಆಂಡ್ರಾಯ್ಡ್ ಮಾದರಿಗಳಿಗೆ ಇಲ್ಲಿನ ಜಾಲದಲ್ಲಿ ಡೇಟಾ ಸರಿಯಾಗಿ ಸಿಕ್ಕರೂ ವೋಲ್ಟೆ ಸಿಗುವುದಿಲ್ಲ. ಆಗ ಕರೆ 2ಜಿಗೆ ಇಳಿಯುತ್ತದೆ, ಮತ್ತು ತ್ರೀ ಕಂಪನಿ ತನ್ನದೇ 2ಜಿ ಜಾಲವನ್ನು ಎಂದೂ ಕಟ್ಟಿರಲಿಲ್ಲ. ಒಂದು ತಿಂಗಳ ಸಿಮ್ ಹಾಕಿ, ವಾಟ್ಸ್‌ಆ್ಯಪ್‌ನಲ್ಲಲ್ಲ, ಸಾಧಾರಣ ಕರೆಯಲ್ಲೇ ಮಾತಾಡಿ ಪರೀಕ್ಷಿಸಿ. ತುರ್ತು ಸೇವೆಯ 999ಕ್ಕೆ ಕರೆ ಮಾಡಬೇಕಾದ ಹೊತ್ತಿನಲ್ಲಿ ಇದು ತಿಳಿಯಬಾರದು.

ಹೊಸ ಫೋನು ಕೊಳ್ಳುವುದಾದರೆ ಎರಡು ಸಿಮ್ ನಡೆಯುವಂಥದ್ದೇ ಇರಲಿ, ಇ-ಸಿಮ್ ಆದರೂ ಸರಿ. ಭಾರತದ ಬ್ಯಾಂಕಿನ ಒಟಿಪಿ ಬರುವ ಸಂಖ್ಯೆಯನ್ನು ರೋಮಿಂಗ್ ಸೌಲಭ್ಯದೊಂದಿಗೆ, ರೀಚಾರ್ಜ್ ಅವಧಿ ಮುಗಿಯದಂತೆ, ಅದೇ ಫೋನಿನಲ್ಲಿ ಜೀವಂತ ಇಟ್ಟುಕೊಳ್ಳಬೇಕಾಗುತ್ತದೆ. ಕಂಪನಿಗಳು ತಮ್ಮ ಜಾಲಕ್ಕೆ ಲಾಕ್ ಮಾಡಿದ ಫೋನುಗಳನ್ನು ಮಾರುವುದು 2021ರ ಡಿಸೆಂಬರ್‌ನಿಂದ ನಿಷಿದ್ಧವಾದ್ದರಿಂದ ಹೊಸ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ನಡೆಯದೆಂಬ ಆತಂಕವಿಲ್ಲ. ಅದಕ್ಕಿಂತ ಹಳೆಯ ಫೋನುಗಳನ್ನು ಕೊಳ್ಳುವಾಗ ಕೇಳಿ ತಿಳಿಯಿರಿ. (ಊರಿನ ನೆಂಟರು ‘ಲಂಡನ್‌ನಲ್ಲಿ ಕೊಂಡು ಟ್ಯಾಕ್ಸ್ ವಾಪಸ್ ತಗೊಂಡು ಬಾ’ ಎಂದು ಹೇಳುವುದುಂಟು. ಪ್ರವಾಸಿಗರಿಗೆ ಅಂಗಡಿ ಖರೀದಿಯ ವ್ಯಾಟ್ ಹಿಂದಿರುಗಿಸುವ ಆ ಯೋಜನೆ 2020ರ ಕೊನೆಗೇ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಮುಗಿದುಹೋಯಿತು.)

ಯಾವ ರೀತಿಯಲ್ಲಿ ಕೊಂಡರೂ *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಬೇರೆಡೆ ಬರೆದಿಡಿ; ಕಳುವಾದರೆ ಬೇಕಾಗುತ್ತದೆ. ಲಂಡನ್ನಿನ ಬೀದಿಗಳಲ್ಲಿ ಸೈಕಲ್ ಮೇಲೆ ಬಂದು ಕೈಯಿಂದ ಫೋನ್ ಕಸಿದುಕೊಂಡು ಹೋಗುವುದು ಅಪರೂಪವಲ್ಲ, ಮತ್ತು ಕಾಂಟ್ರ್ಯಾಕ್ಟ್ ಫೋನು ಕಳುವಾದರೂ ಕಂತು ನಿಲ್ಲುವುದಿಲ್ಲ.

ಈಗಾಗಲೇ ಸಹಿ ಹಾಕಿದ್ದರೆ

ಇಂಗ್ಲಿಷ್‌ನಲ್ಲಿ ‘ಇನ್ಫೋ’ ಎಂದು ಬರೆದು 85075ಕ್ಕೆ ಸಂದೇಶ ಕಳಿಸಿ. ಒಪ್ಪಂದ ಬಿಡಲು ಏನಾದರೂ ಕಟ್ಟಬೇಕೇ, ಎಷ್ಟು ಎಂಬ ಉತ್ತರ ಕೂಡಲೇ ಬರುತ್ತದೆ. ಅವಧಿ ಮುಗಿಯುವ 10ರಿಂದ 40 ದಿನ ಮೊದಲು ಕಂಪನಿಯೇ ನಿಮಗೆ ಸೂಚನೆ ಕಳಿಸಬೇಕೆಂಬ ನಿಯಮ 2020ರ ಫೆಬ್ರವರಿಯಿಂದ ಇದೆ. ಆ ಸೂಚನೆಯನ್ನು ಜಾಹೀರಾತೆಂದು ಅಳಿಸಬೇಡಿ: ಬೇರ್ಪಡಿಸದ ಒಪ್ಪಂದಗಳಲ್ಲಿ ಫೋನಿನ ಬೆಲೆ ಪೂರ್ತಿ ತೀರಿದ ಮೇಲೂ ಹಳೆಯ ಮೊತ್ತವೇ ಖಾತೆಯಿಂದ ಹೋಗುತ್ತಿರಬಹುದು. ಆಗ ಅದೇ ಸಂಖ್ಯೆಯೊಂದಿಗೆ ಬೇರೆ ಕಂಪನಿಗೆ ಹೋಗಲು ‘PAC’ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು 65075ಕ್ಕೆ ಕಳಿಸಿದರೆ ಬರುವ ಕೋಡ್ 30 ದಿನ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಅದನ್ನು ಹೊಸ ಕಂಪನಿಗೆ ಕೊಟ್ಟರೆ ನಿಮ್ಮ ಸಂಖ್ಯೆ ಸಾಮಾನ್ಯವಾಗಿ ಮಾರನೆಯ ಕೆಲಸದ ದಿನವೇ ಅಲ್ಲಿಗೆ ಬರುತ್ತದೆ, ಹಳೆಯ ಒಪ್ಪಂದ ತಾನಾಗಿಯೇ ಮುಗಿಯುತ್ತದೆ.