ಗಾಜಿನ ಬತ್ತಿ ಹೊಸೆಯುವುದು

ಬದಿಯಡ್ಕದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕೊಟ್ಟಿಗೆಯ ಒಂದು ಮೂಲೆ ನನ್ನ ಟಾರ್ಚಿಗೆ, ಅಂದರೆ ಗಾಜು ಕರಗಿಸುವ ಗ್ಯಾಸಿನ ಉರಿಗೆ. ಮಣಿಗೆ ಸುತ್ತುವ ಗಾಜಿನ ಬತ್ತಿ, ಅಂದರೆ ಬಣ್ಣದ ಗೆರೆ ಸುರುಳಿ ಸುತ್ತಿದ ತೆಳು ಕಡ್ಡಿ, ನಾನು ಹೊಸೆಯುವುದು ಇಲ್ಲೇ. ಕಿಟಕಿ ತೆರೆದಿರಲಿ, ಫ್ಯಾನ್ ಬೇಡ, ಉರಿ ಅಲ್ಲಾಡುತ್ತದೆ. ಡಿಡಿಮಿಯಂ ಕನ್ನಡಕ ಬೇಕೇ ಬೇಕು. ಕಾದ ಗಾಜಿನ ಸೋಡಿಯಂ ಸೂಸುವ ಹಳದಿ ಬೆಳಕನ್ನು ಅದು ತಡೆಯುತ್ತದೆ, ಇಲ್ಲದಿದ್ದರೆ ಆ ಬೆಳಕಿನಲ್ಲಿ ಗಾಜೇ ಕಾಣುವುದಿಲ್ಲ.

ಒಂದು ಬಿಳಿ ಗಾಜಿನ ಕಡ್ಡಿ, ಒಂದು ನೀಲಿ ಸಾಕು. ಎರಡೂ ಒಂದೇ ಜಾತಿಯ ಗಾಜಾಗಿರಲಿ. ಮೆತ್ತಗಿನ 104ರ (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಸಂಖ್ಯೆ ಇದು) ಜೊತೆ ಗಟ್ಟಿ ಜಾತಿಯ ಬೋರೋಸಿಲಿಕೇಟ್ ಗಾಜು ಸೇರಿಸಿದರೆ ತಣಿಯುವಾಗ ಟಪ್ಪನೆ ಒಡೆಯುತ್ತದೆ. ಎರಡೂ ಕುಗ್ಗುವ ಲೆಕ್ಕವೇ ಬೇರೆ.

ಕಡ್ಡಿಯನ್ನು ಮೊದಲು ಉರಿಯ ತುದಿಯಲ್ಲಿ ಸುಮ್ನೆ ಆಡಿಸಿ. ಅವಸರ ಮಾಡಿದರೆ ಚೂರು ಸಿಡಿಯುತ್ತದೆ. ನನ್ನ ಲುಂಗಿಯ ತೂತುಗಳೇ ಸಾಕ್ಷಿ! ಬಿಳಿಯನ್ನು ಸುಲಿದ ಅಡಿಕೆಯಷ್ಟು ಉಂಡೆ ಮಾಡಿ, ಉದ್ದಕ್ಕೆ ನಾಲ್ಕು ನೀಲಿ ಗೆರೆ ಎಳೆಯಿರಿ. ಎದುರು ತುದಿಗೆ ಹಿಡಿಯಾಗಿ ಇನ್ನೊಂದು ಕಡ್ಡಿ ಅಂಟಿಸಿ. ಇಡೀ ಉಂಡೆ ಒಂದೇ ಸಮ ಕಿತ್ತಳೆಯಾಗಿ ಹೊಳೆಯುವವರೆಗೆ ತಿರುಗಿಸುತ್ತಾ ಕಾಯಿಸಿ.

ಈಗ ಉರಿಯಿಂದ ಹೊರಗೆ ತನ್ನಿ. ಎರಡು ಮೂರು ಕ್ಷಣ ತಡೆಯಿರಿ, ಮೇಲ್ಮೈ ತುಸು ಬಿಗಿಯಾಗಲಿ. ಆಮೇಲೆ ಒಂದು ಕೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಅಮ್ಮ ದೀಪದ ಬತ್ತಿ ಹೊಸೆದ ಹಾಗೆ ತಿರುಚುತ್ತಾ ನಿಧಾನ ಎಳೆಯಿರಿ. ಬೇಗ ಎಳೆದರೆ ಸುರುಳಿ ಬಿಚ್ಚಿ ಕೂದಲಾಗುತ್ತದೆ. ಮೂರು ಮಿಲಿಮೀಟರ್ ದಪ್ಪ ನನಗಿಷ್ಟ, ಮಣಿಗೆ ಸುತ್ತಲು ಸರಿಯಾಗುತ್ತದೆ. ಗಟ್ಟಿಯಾಗುವವರೆಗೆ ಬಿಗಿಯಾಗಿ ಹಿಡಿದೇ ಇರಿ, ಇಲ್ಲದಿದ್ದರೆ ಸೊಟ್ಟ.