ಸೆನ್ಸಿಟಿವಿಟಿ ಮೈನಸ್ ಮಾಡೋದು ಬಿಟ್ಟು ಜಾಯ್‌ಸ್ಟಿಕ್ ಉದ್ದ ಮಾಡೀನಿ, ಸಿಮ್‌ನ್ಯಾಗ ಸೆಸ್ನಾ 172 ಬರೋಬ್ಬರಿ ಇಳಿಯಾಕತ್ತೈತಿ

ಕಂಪ್ಯೂಟರ್‌ನ್ಯಾಗ ವಿಮಾನ ಹಾರಿಸೋ ಸಿಮ್ಯುಲೇಟರ್‌ನ್ಯಾಗ (ಸಿಮ್) ಪಿಚ್, ಅಂದ್ರ ಮೂತಿ ಮ್ಯಾಲ ಕೆಳಗ ಆಗೋದು, ಭಾಳ ಚುರುಕೈತಿ ಅಂತ ಯಾರಿಗೆ ಹೇಳಿದ್ರೂ ಒಂದ ಮಾತು, "ಸೆನ್ಸಿಟಿವಿಟಿ ಮೈನಸ್ 50ಕ್ಕ ಒಯ್ಯಿ, ಡೆಡ್‌ಝೋನ್ ಏರ್ಸು." ಮೈನಸ್ ಮಾಡಿದ್ರ ಸ್ಟಿಕ್ ನಡುವ ಮೆತ್ತಗ, ತುದಿಗೆ ಚುರುಕು ಆಗ್ತೈತಿ; ಡೆಡ್‌ಝೋನ್ ಅಂದ್ರ ನಡುವ ಸ್ಟಿಕ್ ಅಲ್ಲಾಡಿದ್ರೂ ಸಿಮ್ ಲೆಕ್ಕಕ್ಕ ಹಿಡಿಯದ ಜಾಗ. ನಾನು ಕರ್ವ್ (ಸ್ಟಿಕ್ ಎಷ್ಟು ಎಳದ್ರ ಸಿಮ್ ಎಷ್ಟು ಹಿಡೀತೈತಿ ಅನ್ನೋ ಗೆರಿ) ಹೆಚ್ಚೂಕಮ್ಮಿ ನೆಟ್ಟಗ ಇಟ್ಟು ಸ್ಟಿಕ್ಕನ್ನ ಉದ್ದ ಮಾಡ್ತೀನಿ ಅಂದಾಗ ದೋಸ್ತರು, "ಸ್ಲೈಡರ್ ಫುಕಟ್ ಐತಿ, ಲೇಥ್ ಅಂಗಡಿಗೆ ಯಾಕ ರೊಕ್ಕ ಹಾಕ್ತಿಲೇ" ಅಂದ್ರು. ಈಗ ಸಿಮ್‌ನ್ಯಾಗ ಬೆಳಗಾವಿ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ 26ಕ್ಕ ಮಳಿಗಾಲದ ಗಾಳಿ ಹಾಕ್ಕೊಂಡು ಇಳಿಸಿದ್ರೂ ಸೆಂಟರ್‌ಲೈನ್ ಬಿಡಂಗಿಲ್ಲ. ಆ ದೋಸ್ತರ ಈಗ ಫೋನ್ ಮಾಡಿ ಹೆಂಗ ಮಾಡಿದಿ ಅಂತ ಕೇಳಾಕತ್ತಾರ, ಅದಕ್ಕ ಬರಿಯಾಕತ್ತೀನಿ.

ಮೈನಸ್ 50 ಇಟ್ರ ಕ್ರೂಸ್‌ನ್ಯಾಗ ಭಾಳ ಚೊಲೋ ಅನಸ್ತೈತಿ. ತ್ರಾಸ ಇರೋದು ಫ್ಲೇರ್‌ನ್ಯಾಗ, ಅಂದ್ರ ನೆಲ ಮುಟ್ಟೋ ಮುಂಚೆ ಮೂತಿ ಎತ್ತೋವಾಗ. 65 ನಾಟ್‌ಗೆ ಫೈನಲ್ (ರನ್‌ವೇ ಎದುರಿನ ಕೊನೀ ಹಾದಿ) ಬಂದು ಪವರ್ ತೆಗದ ಮ್ಯಾಲ ಸ್ಪೀಡ್ ಇಳದಂಗ ಎಲಿವೇಟರ್ (ಮೂತಿ ಏರಿಸಿ ಇಳಿಸೋ ಬಾಲದ ಪಟ್ಟಿ) ದಮ್ ಕಳ್ಕೊಂತೈತಿ, ನೀವು ಇನ್ನೂ ಎಳೀಬೇಕು, ಮತ್ತೂ ಎಳೀಬೇಕು, ಹಂಗ ಎಳಕೋತ ಹೋದ್ರ ಕರ್ವಿನ ಚಪ್ಪಟಿ ಭಾಗ ಮುಗದು ಕಡಿದಾದ ಭಾಗಕ್ಕ ಹೋಗಿರ್ತೀರಿ, ಅಲ್ಲಿ ಉಗುರಿನಷ್ಟು ಎಳದ್ರೂ ಮೂತಿ ಸರಕ್ಕನ ಏರ್ತೈತಿ, ವಿಮಾನ ತೇಲಿ ಧಪ್ಪಂತ ಬೀಳ್ತೈತಿ. ಎಲ್ಲರೂ ತಮ್ಮ ಕೈ ಸರಿ ಇಲ್ಲ ಅನ್ಕೊಂತಾರ. ಕೈ ಸರೀನ ಇರ್ತೈತಿ, ಕರ್ವ್ ಕೆಟ್ಟಿರ್ತೈತಿ! ರಿಯಾಕ್ಟಿವಿಟಿ (ಸ್ಟಿಕ್ಕಿಗೆ ಸಿಮ್ ಎಷ್ಟು ಲಗೂ ಓಗೊಡಬೇಕು ಅನ್ನೋದು) 100ರಿಂದ 40ಕ್ಕ ಇಳಿಸಿಯೂ ನೋಡೀನಿ, ಎಳದದ್ದು ತಡಾ ಆಗಿ ಮುಟ್ಟಾಕತ್ತು, ಅಷ್ಟ್ರಾಗ ನಾವು ಇನ್ನಷ್ಟು ಎಳದಿರ್ತೀವಿ, ಮೂತಿ ಮ್ಯಾಲ ಕೆಳಗ ತೂಗಾಕ ಹತ್ತಿತು.

ಅಸಲಿ 172ರ ಯೋಕ್ (ಪೈಲಟ್ ಹಿಡಿಯೋ ಹಿಡಿಕಿ) ಎದಿ ತನಕ ಎಳೀಲಿಕ್ಕೆ ಜಾಗ ಐತಿ, ನಮ್ಮ ಟೇಬಲ್ ಸ್ಟಿಕ್ ಮಣಿಕಟ್ಟು ಬಗ್ಗಿಸಿದ್ರ ಮುಗೀತು. ಸ್ಲೈಡರ್ ಆ ದೂರ ಹೆಚ್ಚು ಮಾಡಂಗಿಲ್ಲ, ತುದಿಯಾಗಿನ ಹಿಡಿತ ಕಿತ್ತು ನಡುವಿಗೆ ಕೊಡ್ತೈತಿ ಅಷ್ಟ. ದೂರ ಬೇಕಂದ್ರ ಹಿಡಿಕಿ ಮ್ಯಾಲ ಒಯ್ಯಬೇಕು.

ನಂದು ಮೂರೂವರೆ ಸಾವಿರದ ಸಾದಾ ಸ್ಟಿಕ್. ಮೊದಲ ಪಿವಿಸಿ ಪೈಪ್ ಹಚ್ಚಿದ್ನಿ, ಐವತ್ತರವತ್ತು ರೂಪಾಯಿ, ಪೈಪ್ ತಾನ ಬಗ್ಗಾಕತ್ತಿತು, ಸ್ಟಿಕ್ ಅಲ್ಲೇ ನಿಂತಿತ್ತು, ಉಪಯೋಗಿಲ್ಲ. ಆಮ್ಯಾಲ ಬೆಳಗಾವಿಯ ಉದ್ಯಮಬಾಗದಾಗ ಪರಿಚಯದ ಲೇಥ್ ಮಿಸ್ತ್ರಿ ಕಾಕಾನ ಕಡೆ ಹೋಗಿ ಅಲ್ಯೂಮಿನಿಯಂ ಪೈಪಿಗೆ ಎರಡೂ ಕಡೆ ಬುಶ್ ಹಾಕಿಸಿದ್ನಿ, ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ, ಮಟೀರಿಯಲ್ ಹಿಡದು ಏಳುನೂರರ ಆಸುಪಾಸು. ಕಾಕಾ ಒಳಗಿನ ಅಂಚು ಉಜ್ಜಿ ಬೆರಳು ಆಡಿಸಿ ನೋಡಿ, "ವೈರ್ ಕೊಯ್ಯಂಗಿಲ್ಲ, ಒಯ್ಯೋ ತಮ್ಮಾ" ಅಂದ. ಆ ಮಾತಿಗೆ ಕಿಮ್ಮತ್ತೈತಿ, ಹಿಡಿಕಿ ಬಟನ್‌ಗಳ ವೈರ್ ಎಲ್ಲಾ ಈ ಪೈಪಿನೊಳಗ ಹಾದು ಹೋಗ್ತಾವು. ಉದ್ದ ಆದ ಮ್ಯಾಲ ಬೇಸ್ ಏಳ್ತೈತಿ, ಸಿ-ಕ್ಲಾಂಪ್ ಹಾಕಲೇಬೇಕು. ಸ್ಪ್ರಿಂಗ್ ಹಗುರ ಅನಸ್ತೈತಿ, ಅದಕ್ಕ ಬುಡದಾಗ ಒಂದು ಗ್ರೀಸ್ ಹಚ್ಚೀನಿ, ಯಾವ ಗ್ರೀಸ್ ಅಂತ ಇಲ್ಲಿ ಹೇಳಂಗಿಲ್ಲ, ಅದು ಸಿಗಾಕ ನನಗ ಒಂದು ಮಳಿಗಾಲ ಹಿಡದೈತಿ.

ಈಗ ಇನ್ನೊಂದು ರಗಳಿ ಎದ್ದಿತು, ಪಾಟ್ (ಸ್ಟಿಕ್ ಎಷ್ಟು ತಿರುಗೈತಿ ಅಂತ ಅಳೆಯೋ ಪೊಟೆನ್ಷಿಯೊಮೀಟರ್) ಸವದು ನಡುವ ಜಿಟರ್, ಅಂದ್ರ ಕೈ ಆಡಿಸದಿದ್ರೂ ನಡಗೋದು. ಕರ್ವ್ ನೆಟ್ಟಗ ಇದ್ರ ಜಿಟರ್ ಕಾಣ್ತೈತಿ, ಅದನ್ನ ಮುಚ್ಚಾಕ ಜನ ಡೆಡ್‌ಝೋನ್ ಏರಸ್ತಾರ. ನಾನು ಪಾಟಿನ ಬದ್ಲಿ ಹಾಲ್ ಸೆನ್ಸರ್ (ಮ್ಯಾಗ್ನೆಟ್ ತಿರುಗಿದ್ದನ್ನ ಅಳೆಯೋದು) ಹಾಕಿದ್ನಿ. 49ಇ ಅನ್ನೋ ಸೆನ್ಸರ್ ಆರ್ಡರ್ ಮಾಡಿದ್ರ ಒಬ್ಬ ಮಾರಾಟಗಾರ 3144 ಅನ್ನೋದು ಕಳಿಸಿದ, ಅದು ಬರೇ ಆನ್-ಆಫ್, ಇದಕ್ಕ ಬರಂಗಿಲ್ಲ, ಆ ರೊಕ್ಕ ಹೋತು. ಸರಿಯಾದ 49ಇ 5 ವೋಲ್ಟ್ ಮ್ಯಾಲ ಸುಮಾರು 1ರಿಂದ 4 ವೋಲ್ಟ್ ಕೊಡ್ತೈತಿ, ಪೂರ್ತಿ ರೇಂಜ್ ಬರಂಗಿಲ್ಲ, ಅದಕ್ಕ ವಿಂಡೋಸ್‌ನ್ಯಾಗ ಕ್ಯಾಲಿಬ್ರೇಷನ್ ಮಾಡಿಯೇ ಸಿಮ್ ತೆರೀರಿ. ಮ್ಯಾಗ್ನೆಟ್ ಯಾವ ಕೋನದಾಗ ಕೂಡಿಸಬೇಕು ಅನ್ನೋದು ನೀವ ಕುಂತು ಹುಡುಕ್ರಿ.

ನಡುವ ಎಕ್ಸ್-ಪ್ಲೇನ್ ಅನ್ನೋ ಇನ್ನೊಂದು ಸಿಮ್‌ನ್ಯಾಗೂ ನೋಡೀನಿ. ಅಲ್ಲಿ ಸ್ಟೆಬಿಲಿಟಿ ಆಗ್ಮೆಂಟೇಷನ್ ಏರಿಸಿದ್ರ ಸಿಮ್ ತಾನ ವಿಮಾನ ಹಿಡ್ಕೊಂತೈತಿ, ಕ್ರಾಸ್‌ವಿಂಡ್‌ನ್ಯಾಗ ನಿಮ್ಮ ಕೈ ಜೋಡಿ ಜಗ್ಗಾಡ್ತೈತಿ. ಅದರ ಮೂರೂ ಸ್ಲೈಡರ್ ಸೊನ್ನಿ ಮಾಡ್ರಿ. ಏರ್‌ಬಸ್ ಎ320ಕ್ಕ ಬ್ಯಾರೆ ಪ್ರೊಫೈಲ್ ಇಡ್ರಿ, ಅದು ಫ್ಲೈ-ಬೈ-ವೈರ್, ನಡುವ ಕಂಪ್ಯೂಟರ್ ಇರ್ತೈತಿ, ಸ್ಟಿಕ್ ನೇರ ಎಲಿವೇಟರ್ ತಿರುವಂಗಿಲ್ಲ, ಕರ್ವ್ ಪೂರ್ತಿ ಸೊನ್ನಿ ಇದ್ರೂ ನಡೀತೈತಿ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಾಗ 172ಕ್ಕ ನನ್ನ ಪಿಚ್ ಸೆನ್ಸಿಟಿವಿಟಿ ಮೈನಸ್ 15ರ ಹತ್ರ, ರೋಲ್ (ಎಡಕ್ಕ ಬಲಕ್ಕ ವಾಲೋದು) ಮೈನಸ್ 20, ಡೆಡ್‌ಝೋನ್ 1 ಇಲ್ಲಾ 2, ರಿಯಾಕ್ಟಿವಿಟಿ 100ಕ್ಕ ಬಿಟ್ಟೀನಿ. ಟ್ರಿಮ್ (ಕೈ ಬಿಟ್ರೂ ಮೂತಿ ಅಲ್ಲೇ ನಿಲ್ಲಂಗ ಮಾಡೋ ಹೊಂದಾಣಿಕಿ) ಬಟನ್ ಮ್ಯಾಲ ಬ್ಯಾಡ, ಸರಿಯೋ ಇಲ್ಲಾ ತಿರುಗೋ ಆ್ಯಕ್ಸಿಸ್‌ಗೆ ಕೊಡ್ರಿ, ಟ್ರಿಮ್ ಸರಿ ಇದ್ರ ಅರ್ಧಾ ಸೆನ್ಸಿಟಿವಿಟಿ ತ್ರಾಸ ಅಲ್ಲೇ ಹೋಗ್ತೈತಿ. ಸಾಂಬ್ರಾ ನೆಲ ಸಮುದ್ರ ಮಟ್ಟದಿಂದ ಸುಮಾರು 2,490 ಅಡಿ ಮ್ಯಾಲ, ಅದಕ್ಕ 3,500 ಅಡಿಗೆ ಸರ್ಕ್ಯೂಟ್ (ರನ್‌ವೇ ಸುತ್ತಿನ ಹಾದಿ) ಹಿಡದು, ಡೌನ್‌ವಿಂಡ್‌ನ್ಯಾಗ (ರನ್‌ವೇಗೆ ಸಮಾನಾಂತರ, ಉಲ್ಟಾ ದಿಕ್ಕಿನ ಭಾಗ) ಟ್ರಿಮ್ ಮಾಡಿ ಕೈ ಬಿಟ್ಟು ನೋಡ್ರಿ, ಮೂತಿ ಅಲ್ಲೇ ನಿಂತ್ರ ಸೆಟ್ಟಿಂಗ್ ಕೂತೈತಿ.

ಎಲ್ಲಾ ಕೂಡಿ ಹದಿನೈದುನೂರರ ಒಳಗ ಮುಗದೈತಿ, ದಂಡ ಆದ ಸೆನ್ಸರ್ ಹಿಡದು. ಹೊಸಾ ಯೋಕ್‌ಗೆ ಹದಿನೈದು ಸಾವಿರದ ಮ್ಯಾಲ ಕೇಳ್ತಾರ. ಪೈಪಿನ ಅಳತಿ ಯಾರಿಗೆ ಬೇಕಾದ್ರೂ ಕೊಡ್ತೀನಿ. ರಡರ್ ಟ್ವಿಸ್ಟ್‌ದು (ಸ್ಟಿಕ್ ತಿರುವಿ ಮೂತಿ ಎಡಕ್ಕ ಬಲಕ್ಕ ಹೊರಳಿಸೋದು) ಇನ್ನೂ ಹಳೇ ಪಾಟ್ ಮ್ಯಾಲ ಐತಿ, ಸದ್ಯ ಮೈನಸ್ 30 ಇಟ್ಟು ನಡಸಾಕತ್ತೀನಿ, ಪೆಡಲ್ ಮಾಡಿಸಾಕ ಕಾಕಾನ ಕಡೆ ಬೇರಿಂಗ್ ರೇಟ್ ಕೇಳೀನಿ.