ಕೊಲೆಗಾರ ಯಾರೆಂದು ಗೊತ್ತಾದ ಮೇಲೆ

ಪತ್ತೇದಾರಿ ಕಾದಂಬರಿಯನ್ನು ನಾನು ಎರಡು ಸಲ ಓದುತ್ತೇನೆ. ಕೇಳಿದವರು ನಗುತ್ತಾರೆ. ಕೊಂದವರು ಯಾರು ಅಂತ ಗೊತ್ತಾದ ಮೇಲೆ ಅದರಲ್ಲಿ ಇನ್ನೇನಿರುತ್ತೆ ಅಂತ ಅವರ ಪ್ರಶ್ನೆ. ನನಗೆ ನಿಜವಾದ ಓದು ಶುರುವಾಗುವುದೇ ಅಲ್ಲಿಂದ. ಮೊದಲ ಸಲ ಲೇಖಕರು ನಮ್ಮನ್ನು ಆಟ ಆಡಿಸುತ್ತಾರೆ. ಆ ಆಟ ನ್ಯಾಯದ್ದಾ, ಮೋಸದ್ದಾ ಅಂತ ತಿಳಿಯುವುದು ಎರಡನೇ ಸಲಕ್ಕೆ.

ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಮಧ್ಯಾಹ್ನದ ಮೇಲೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಭಾಗಮಂಡಲದ ರಸ್ತೆ ಮೇಲೆ ನೀರು ಬಂದರೆ ಆ ಕಡೆಯಿಂದ ಯಾರೂ ಬರುವಂತಿಲ್ಲ, ಕರೆಂಟಂತೂ ಬಂದಾಗ ಬಂತು. ಚಾರ್ಜಿಂಗ್ ಲೈಟಿದ್ದರೆ ಸಾಕು. ಕಷ್ಟ ಇರುವುದು ಪುಸ್ತಕ ಕಾಪಾಡುವುದರಲ್ಲಿ. ಕಕ್ಕಡ ತಿಂಗಳು ಬರುವಷ್ಟರಲ್ಲಿ ರಟ್ಟಿನ ಮೇಲೆ ಬಿಳಿ ಬೂಷ್ಟು ಕೂತಿರುತ್ತದೆ. ಹಾಳೆಗಳು ತೇವಕ್ಕೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇರೆ ಪುಸ್ತಕವಾದರೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡರೂ ನಡೆಯುತ್ತದೆ. ಇಲ್ಲಿ ಆ ಎರಡು ಹಾಳೆಯ ಮಧ್ಯೆಯೇ ಸುಳಿವು ಇರಬಹುದು! ಅದಕ್ಕೆ ಓದುತ್ತಿರುವ ಪುಸ್ತಕ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲೇ ಇರುತ್ತದೆ. ಹೊಗೆ ವಾಸನೆ ಬರುತ್ತೆ, ಬರಲಿ.

ಪುಸ್ತಕ ಕೈಗೆ ಬಂದ ಕೂಡಲೇ ಹಳೇ ಪೇಪರಿನ ಬೈಂಡು ಹಾಕುತ್ತೇನೆ. ಹಿಂದಿನ ರಟ್ಟಿನ ಬರಹ ಕಣ್ಣಿಗೆ ಬೀಳಬಾರದು, ಅಷ್ಟೇ. 'ಕೊನೆಯ ತಿರುವು ನಿಮ್ಮನ್ನು ಬೆಚ್ಚಿಬೀಳಿಸುತ್ತದೆ' ಅಂತ ಒಂದು ಸಾಲು ಓದಿದರೂ ಮುಗಿಯಿತು. ಆಮೇಲೆ ಬಾಗಿಲು ತೆರೆಯುವ ಕೆಲಸದವನೂ ಕೊಲೆಗಾರನ ಹಾಗೆ ಕಾಣುತ್ತಾನೆ. ಓದುವಾಗ ಒಂದು ಚೀಟಿ, ಒಂದು ಪೆನ್ಸಿಲ್. ಯಾರು ಯಾವ ಹೊತ್ತಿಗೆ ಎಲ್ಲಿದ್ದೆ ಅಂತ ಹೇಳಿದರು, ಅದನ್ನು ಕಂಡವರು ಯಾರು, ಇಷ್ಟನ್ನೇ ಬರೆದುಕೊಳ್ಳುವುದು. ಅರ್ಧ ಪುಸ್ತಕಕ್ಕೆ ನಿಲ್ಲಿಸಿ ನನ್ನ ಊಹೆಯನ್ನು ಗೋಣಿಕೊಪ್ಪದ ಗೆಳತಿಗೆ ವಾಟ್ಸ್ಯಾಪ್ ಮಾಡುತ್ತೇನೆ. ಅವಳು ಚೀಟಿಗೀಟಿ ಬರೆಯುವವಳಲ್ಲ. "ಅಕ್ಕಾ, ಇಡೀ ಪುಸ್ತಕದಲ್ಲಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳದವರು ಯಾರಿದ್ದಾರೆ ನೋಡಿ, ಅವರೇ" ಅಂತಾಳೆ. ಈ ಅಡ್ಡದಾರಿಯಲ್ಲಿ ಅವಳು ಎಷ್ಟೋ ಸಲ ಗೆದ್ದಿದ್ದಾಳೆ ಅನ್ನುವುದು ನನಗೆ ಈಗಲೂ ಹೊಟ್ಟೆಕಿಚ್ಚಿನ ವಿಷಯ.

ಎರಡು ಸಲ ಓದುವ ಚಟ ಹತ್ತಿಸಿದ್ದು ಅಗಾಥಾ ಕ್ರಿಸ್ಟಿ. ಅವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಂದದ್ದು 1926ರಲ್ಲಿ. ಇದು ಮೋಸ ಅಂತ ಆಗಲೇ ಕೆಲವರು ಜಗಳ ತೆಗೆದರು. ಗುಟ್ಟು ಬಿಟ್ಟುಕೊಡುವುದಿಲ್ಲ, ಓದದವರು ಹೆದರಬೇಡಿ. ನಾನು ಎರಡನೇ ಸಲ ಕೂತು ಸುಳ್ಳು ಹೇಳಿದ ಸಾಲು ಹುಡುಕಿದೆ. ಸಿಗಲಿಲ್ಲ. ಹೇಳದೆ ಬಿಟ್ಟ ಜಾಗಗಳು ಮಾತ್ರ ಸಿಕ್ಕವು. ಆ ಜಾಗದ ಮೇಲೆ ಮೊದಲ ಸಲ ಎಷ್ಟು ಸಲೀಸಾಗಿ ದಾಟಿ ಹೋಗಿದ್ದೆ ಅಂತ ನೋಡಿದಾಗ ಕೋಪ ಬರಲಿಲ್ಲ, ಸಂತೋಷವಾಯಿತು. ನ್ಯಾಯವಾಗಿ ಸೋತವರಿಗೆ ಆಗುವ ಸಂತೋಷ ಅದು.

ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ ಇದ್ದರು, ತಾವೂ ಪತ್ತೇದಾರಿ ಬರೆಯುತ್ತಿದ್ದವರು. ಈ ಬಗೆಯ ಕಥೆಗಳಿಗೆ 1929ರಲ್ಲಿ ಹತ್ತು ಕಟ್ಟಳೆ ಮಾಡಿದರು. ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಯಾರಿಗೂ ಗೊತ್ತಿಲ್ಲದ ವಿಷ ಬಳಸಬಾರದು. ಹೀಗೆ. ಮಿಕ್ಕವು ಹಳತಾಗಿರಬಹುದು, ಮೊದಲೆರಡನ್ನು ಮುರಿದವರನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ವಿಷದ ವಿಷಯಕ್ಕೆ ಬಂದರೆ ಕ್ರಿಸ್ಟಿಗೆ ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ಕಲಿತಿದ್ದರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ಕೊಲ್ಲುವುದು ಸ್ಟ್ರಿಕ್ನಿನ್. ಅದು ಇರುವುದು ಕಾಸರಕದ ಬೀಜದಲ್ಲಿ. ಓದುವಾಗ ವಿಷ ಅಂದರೆ ಲಂಡನ್ನಿನ ಗಾಜಿನ ಶೀಶೆ ಅನ್ನಿಸುತ್ತದೆ, ಮರ ನೋಡಿದರೆ ನಮ್ಮ ಪಶ್ಚಿಮಘಟ್ಟದ್ದು. ಇನ್ನೂ ಹತ್ತಿರದ್ದು ಬೇಕೆಂದರೆ ತೋಕ್ ಪೂ ಇದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯ ನಳಿಗೆಗೆ ಸಿಕ್ಕಿಸುವ ಕೆಂಪು ಹಳದಿ ಹೂವು. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷ. ನಮ್ಮ ಬೇಲಿಯಲ್ಲಿ ಸುಮ್ನೆ ಬೆಳೆದುಕೊಂಡಿರುತ್ತದೆ. ಈ ಹೂವನ್ನು ಇಟ್ಟುಕೊಂಡು ಯಾರೂ ಕಾದಂಬರಿ ಬರೆದದ್ದು ನನ್ನ ಕೈಗೆ ಸಿಕ್ಕಿಲ್ಲ.

ಈಗ ನನ್ನ ದೊಡ್ಡ ತಕರಾರು. ಸೈಕಲಾಜಿಕಲ್ ಥ್ರಿಲ್ಲರ್ ಅಂತ ಬರುವುದರಲ್ಲಿ ಬಹಳಷ್ಟು ಎರಡನೇ ಓದಿಗೆ ಉಳಿಯುವುದಿಲ್ಲ. ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' 2012ರಲ್ಲಿ ಬಂತು. ಗಂಡನದೊಂದು ಅಧ್ಯಾಯ, ಹೆಂಡತಿಯದೊಂದು ಅಧ್ಯಾಯ, ಮಧ್ಯದಲ್ಲಿ ಇಡೀ ಕಥೆ ಮಗುಚಿಕೊಳ್ಳುತ್ತದೆ. ಅದು ಉಳಿಯಿತು. ತಿರುವು ಮುಗಿದ ಮೇಲೂ ಅರ್ಧ ಪುಸ್ತಕ ಇರುತ್ತದೆ, ಆ ದಾಂಪತ್ಯ ಕೈ ಬಿಡುವುದಿಲ್ಲ. ಆಮೇಲೆ ಬಂದವರು ತಿರುವನ್ನಷ್ಟೇ ಹಿಡಿದುಕೊಂಡರು. 2019ರ 'ದಿ ಸೈಲೆಂಟ್ ಪೇಷಂಟ್' ಮೊದಲ ಓದಿಗೆ ನಿದ್ದೆ ಕೆಡಿಸಿತು ನಿಜ. ಎರಡನೇ ಸಲ ಓದಿದರೆ ತಿರುವಿಗೋಸ್ಕರವೇ ಜೋಡಿಸಿದ ಅಧ್ಯಾಯಗಳು ಕಣ್ಣಿಗೆ ಹೊಡೆಯುತ್ತವೆ. ಮಾತು ಬಿಟ್ಟ ಆ ಹೆಂಗಸಿನ ಬಗ್ಗೆ ಹೊಸದಾಗಿ ಏನೂ ತಿಳಿಯುವುದಿಲ್ಲ.

ಪಟ್ರೀಷಿಯಾ ಹೈಸ್ಮಿತ್ 1955ರಲ್ಲೇ ಟಾಮ್ ರಿಪ್ಲಿಯನ್ನು ಬರೆದರು. ಕೊಲೆ ನಮ್ಮ ಕಣ್ಣೆದುರೇ ಆಗುತ್ತದೆ, ಮುಚ್ಚಿಡುವುದೇನೂ ಇಲ್ಲ. ಆದರೂ ಪೊಲೀಸರು ಬಾಗಿಲು ತಟ್ಟಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಅಯ್ಯೋ ಸಿಕ್ಕಿಬಿದ್ದ ಅಂತ. ಕೊಂದವನ ಪರ ನಾನು ಯಾವಾಗ ಸೇರಿಕೊಂಡೆ? ಆ ಪುಟ ಹುಡುಕುವುದಕ್ಕಾದರೂ ಮತ್ತೊಮ್ಮೆ ಓದಬೇಕು. ಡಾಫ್ನಿ ಡು ಮಾರಿಯೆ ಅವರ 'ರೆಬೆಕಾ' (1938) ಕೂಡ ಹಾಗೇ. ಕಥೆ ಹೇಳುವವಳ ಹೆಸರು ಕೊನೆಯವರೆಗೂ ಬರುವುದಿಲ್ಲ. ಸತ್ತುಹೋದವಳ ಹೆಸರು ಮಾತ್ರ ಮನೆಯ ಮೂಲೆಮೂಲೆಯಲ್ಲೂ ಇರುತ್ತದೆ.

ಜಪಾನಿನ ಕೀಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' (2005) ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ. ಯಾರು, ಯಾರನ್ನು, ಯಾಕೆ ಕೊಂದರು ಅನ್ನುವುದೆಲ್ಲ ಶುರುವಿನಲ್ಲೇ ಹೇಳಿಬಿಡುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ. ಮೊದಲ ಅಧ್ಯಾಯದಲ್ಲಿ ಅವನು ಬೆಳಗ್ಗೆ ಮನೆ ಬಿಟ್ಟು, ನದಿಯ ಪಕ್ಕದ ದಾರಿಯಲ್ಲಿ ನಡೆದು, ಊಟದ ಡಬ್ಬಿ ಮಾರುವ ಅಂಗಡಿಗೆ ಹೋಗುತ್ತಾನೆ. ದಾರಿಯಲ್ಲಿ ಏನೇನು ಕಾಣುತ್ತದೆ ಅಂತ ನಿಧಾನವಾಗಿ ಬರೆದಿದ್ದಾರೆ. ಮೊದಲ ಸಲ ಬೇಜಾರಿನಿಂದ ಬೇಗ ಓದಿದ್ದೆ. ಎರಡನೇ ಸಲ ಆ ನಡಿಗೆಗೇ ಮೈ ಜುಮ್ಮೆಂದಿತು. ಇದಕ್ಕಿಂತ ಜಾಸ್ತಿ ಹೇಳಿದರೆ ಗೆಳತಿ ಬಯ್ಯುತ್ತಾಳೆ, ಅವಳಿನ್ನೂ ಓದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಮನಸ್ಸಿನ ಕಾಯಿಲೆಯನ್ನೇ ಕೊಲೆಗೆ ಕಾರಣ ಮಾಡಿ ಮುಗಿಸುವ ಪುಸ್ತಕಗಳನ್ನು ನಾನು ಎರಡನೇ ಸಲ ಮುಟ್ಟುವುದಿಲ್ಲ. ತ್ರಿವೇಣಿಯವರ 'ಶರಪಂಜರ' ಓದಿದ ಮೇಲೆ ಅಂಥದ್ದು ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಕಡೆ ಬಹಳ ಜನಕ್ಕೆ ಅದು 1971ರ ಪುಟ್ಟಣ್ಣನವರ ಸಿನಿಮಾ, 'ಕೊಡಗಿನ ಕಾವೇರಿ' ಹಾಡು, ಕಲ್ಪನಾ. ಪುಸ್ತಕ ಓದಿ. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರು ಅವಳ ಒಂದೊಂದು ಮಾತನ್ನೂ ಹುಚ್ಚಿನ ಗುರುತು ಅಂತಲೇ ನೋಡುತ್ತಾರೆ. ಹೆಣ ಬೀಳುವುದಿಲ್ಲ, ಪತ್ತೇದಾರ ಇಲ್ಲ, ಆದರೂ ಓದುತ್ತಾ ಉಸಿರು ಕಟ್ಟುತ್ತದೆ.

ಕನ್ನಡದಲ್ಲಿ ಪತ್ತೇದಾರಿ ಅಂದರೆ ಹಿರಿಯರಿಗೆ ಎನ್. ನರಸಿಂಹಯ್ಯನವರ ಪುರುಷೋತ್ತಮ ನೆನಪಾಗುತ್ತಾನೆ. ನೂರಾರು ಕಾದಂಬರಿ ಬರೆದು ಒಂದು ತಲೆಮಾರಿಗೇ ಓದು ಹಚ್ಚಿದವರು ಅವರು. ನನಗೆ ಮಾತ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಹೆಚ್ಚು. ಏಲಕ್ಕಿ, ಜೋಗಿಹಾಳರ ಸಾವು, ವಿಚಾರಿಸಲು ಬರುವ ಅಂಗಡಿ ಎಂಬ ಅಧಿಕಾರಿ. ಕೊಂದವರು ಯಾರು ಅನ್ನುವ ಪ್ರಶ್ನೆ ಹಿಂದೆ ಸರಿದು, ಕೆಸರೂರು ಇಡೀ ಊರೇ ಹೇಗೆ ಹೊತ್ತಿಕೊಳ್ಳುತ್ತದೆ ಅನ್ನುವುದೇ ದೊಡ್ಡದಾಗುತ್ತದೆ. ಮಲೆನಾಡಿನ ಗಾಳಿಮಾತು ಹೇಗೆ ಓಡುತ್ತದೆ ಅಂತ ಗೊತ್ತಿದ್ದವರು ಬರೆದದ್ದು.

ಕೊಡಗಿನಲ್ಲಿ ನಡೆಯುವ ಒಂದು ಒಳ್ಳೇ ಪತ್ತೇದಾರಿ ಓದಬೇಕೆಂದು ನನಗೆ ಬಹಳ ಆಸೆ. ಹೋಂಸ್ಟೇಗೆ ಬಂದ ಬೆಂಗಳೂರಿನ ಜೋಡಿ, ಮಂಜು, ಕೂಗುವ ನರಿ ಇವೆಲ್ಲ ಬೇಡ, ಸಾಕಾಗಿದೆ. ಗೋಡೆ ಮೇಲೆ ಕೋವಿ ತೋರಿಸಿದರೆ ಅದು ಹೊಡೆಯಲೇಬೇಕು ಅನ್ನುವ ಚೆಕಾಫನ ಮಾತೂ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಕೋವಿ ಮನೆಮನೆಯಲ್ಲೂ ಇದೆ, ಪೂಜೆ ಮಾಡಿಸಿಕೊಂಡು ನೆಲ್ಲಕ್ಕಿಯಲ್ಲಿ, ಅಂದರೆ ದೀಪ ಹಚ್ಚುವ ನಡುಮನೆಯಲ್ಲಿ, ಸುಮ್ನೆ ಇರುತ್ತದೆ. ಕೊಲೆಗೆ ಕಾರಣ ಬೇಕೆಂದರೆ ತಲೆತಲಾಂತರದಿಂದ ಬಂದ ಜಮ್ಮಾ ಜಾಗದ ಪಾಲು ಇದೆ, ರಾತ್ರೋರಾತ್ರಿ ಕಾಣೆಯಾದ ಮೆಣಸಿನ ಮೂಟೆ ಇದೆ. ಬರೆಯುವವರಿಗೆ ಕಷ್ಟವಾಗುವುದು ಬೇರೆ ಕಡೆ. ಯಾರ ಜೀಪು ಯಾವ ಹೊತ್ತಿಗೆ ಯಾರ ಗೇಟು ದಾಟಿತು ಅಂತ ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, 300 ಪುಟ ಗುಟ್ಟು ಕಾಪಾಡುವುದು ಸುಲಭವಲ್ಲ. ಗೊತ್ತಿದ್ದೂ ಯಾರೂ ಬಾಯಿ ಬಿಡುವುದಿಲ್ಲ ಅಂತ ಬರೆದರೆ ನಾನು ನಂಬುತ್ತೇನೆ. ಕೊಂದವರು ಮಾತ್ರ ಮೊದಲ ಅಧ್ಯಾಯದಲ್ಲೇ ಒಮ್ಮೆ ಮನೆಗೆ ಬಂದು, ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋಗಿರಬೇಕು.